ತಿಪ್ಪೆ ನೋಡುವುದನ್ನು ಕಲಿಯೋಣ

ಕಾಂಪೋಸ್ಟ್ ಮಾಡುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ನೋಡುವುದನ್ನು ಹೇಳಿಕೊಡುವವರು ಕಡಿಮೆ. ನಾನು ಬಹಳ ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದವಳು. ನೋಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬರುವುದಿಲ್ಲ. ಹಾಗಾಗಿ ಹಿತ್ತಲಲ್ಲಿ ಗೊಬ್ಬರದ ರಾಶಿ ಶುರು ಮಾಡುವಾಗ ಸಲಿಕೆಗಿಂತ ಮೊದಲು ಒಂದು ಸ್ಟೂಲ್ ತಂದಿಟ್ಟುಕೊಂಡೆ. ಮನೆಯವರು ನಕ್ಕರು. ನಗಲಿ ಬಿಡಿ.

ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆ ಕನಸು ಕಂಡರಂತೆ ಅಂತ ಗಾದೆ ಇದೆ. ಆ ಗಾದೆ ಕಟ್ಟಿದವರು ತಿಪ್ಪೆಯ ಹತ್ತಿರ ಕೂತು ನೋಡಿರಲಿಕ್ಕಿಲ್ಲ. ಕೂತು ನೋಡಿದರೆ ಉಪ್ಪರಿಗೆಯ ನೆನಪೇ ಬರುವುದಿಲ್ಲ. ಇನ್ನೊಂದು ಲಾಭವೂ ಇದೆ. ಇಲ್ಲಿ ಚೆಂದ ನೋಡುವ ಕಣ್ಣು ಬೇರೆ, ತಪ್ಪು ಹುಡುಕುವ ಕಣ್ಣು ಬೇರೆ ಅಂತಿಲ್ಲ. ಬೆಳಿಗ್ಗೆ ರಾಶಿಯಿಂದ ಹಬೆ ಏಳುವುದನ್ನು ನೋಡಿ ಖುಷಿಪಟ್ಟವರಿಗೆ, ಒಳಗೆ ಕೆಲಸ ಸರಿಯಾಗಿ ನಡೆಯುತ್ತಿದೆ ಅನ್ನುವ ಸುದ್ದಿಯೂ ಪುಕ್ಕಟೆ ಸಿಕ್ಕಿರುತ್ತದೆ.

ಜಾಗ ಮತ್ತು ರಾಶಿ

ಎಲ್ಲರೂ ರಾಶಿಯನ್ನು ಯಾರಿಗೂ ಕಾಣದ ಮೂಲೆಯಲ್ಲಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾಣದ ರಾಶಿ ಮರೆತುಹೋಗುತ್ತದೆ, ಮರೆತುಹೋದ ರಾಶಿ ನಾರುತ್ತದೆ. ದಿನವೂ ಓಡಾಡುವ ದಾರಿಯ ಪಕ್ಕದಲ್ಲೇ ಇರಲಿ. ನನ್ನದು ಅಡುಗೆಮನೆಯ ಬಾಗಿಲಿಗೂ ಬಟ್ಟೆ ಒಣಹಾಕುವ ತಂತಿಗೂ ನಡುವೆ ಇದೆ. ಅರ್ಧ ದಿನ ನೆರಳು, ಅರ್ಧ ದಿನ ಬಿಸಿಲು ಬಿದ್ದರೆ ಒಳ್ಳೆಯದು. ತಳಕ್ಕೆ ಸಿಮೆಂಟ್ ಬೇಡ. ಹುಳಗಳು ಬರುವುದು ಮಣ್ಣಿನಿಂದಲೇ ಅಲ್ವಾ?

ಉದ್ದ, ಅಗಲ, ಎತ್ತರ ಮೂರೂ ಹೆಚ್ಚುಕಡಿಮೆ 1 ಮೀಟರ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಒಳಗಿನ ಬಿಸಿ ನಿಲ್ಲುವುದಿಲ್ಲ. ಹಿತ್ತಲಿಲ್ಲದವರು ತೂತಿರುವ ದೊಡ್ಡ ಡಬ್ಬದಲ್ಲಿ ಮಾಡಬಹುದು. ಹಬೆಯೊಂದು ಕಾಣಲಿಕ್ಕಿಲ್ಲ, ಉಳಿದ ಬಹುಪಾಲು ಕಾಣುತ್ತದೆ.

ಹಾಕುವ ಕ್ರಮ ಸುಲಭ. ಒಂದು ಬಕೆಟ್ ಹಸಿ ಹಾಕಿದರೆ ಅದರ ಮೇಲೆ ಎರಡರಿಂದ ಮೂರು ಬಕೆಟ್ ಒಣದ್ದು. ಹಸಿ ಅಂದರೆ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಟೀ ಕಾಫಿ ಚರಟ, ಹಸಿ ಹುಲ್ಲು. ಒಣದ್ದು ಅಂದರೆ ತರಗೆಲೆ, ಒಣ ಹುಲ್ಲು, ಹರಿದ ರಟ್ಟು. ಹಸಿಯಲ್ಲಿ ಸಾರಜನಕ ಜಾಸ್ತಿ, ಒಣದರಲ್ಲಿ ಇಂಗಾಲ ಜಾಸ್ತಿ. ಸಾರಜನಕ 1 ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇದ್ದಾಗ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ನಾನು ಈ ಲೆಕ್ಕವನ್ನು ಕೂತು ಹಾಕುವುದಿಲ್ಲ. ಸಿಪ್ಪೆ ಕಾಣದ ಹಾಗೆ ಎಲೆ ಮುಚ್ಚಿದರೆ ಸಾಕು. ಮಾಂಸ, ಮೀನು, ಹಾಲಿನ ಪದಾರ್ಥ, ಎಣ್ಣೆ, ನಾಯಿ ಬೆಕ್ಕಿನ ಕಕ್ಕಸು, ರೋಗ ಬಂದ ಗಿಡ ಬೇಡ. ಹಣ್ಣಿನ ಮೇಲಿನ ಸ್ಟಿಕ್ಕರ್ ಕಿತ್ತು ಹಾಕಿ. ಅದು ಕೊಳೆಯುವುದಿಲ್ಲ, ಆಮೇಲೆ ಗುಲಾಬಿ ಗಿಡದ ಬುಡದಲ್ಲಿ ಹೊಳೆಯುತ್ತಾ ನಿಮ್ಮನ್ನೇ ನೋಡುತ್ತದೆ.

ಹೀಗೆ ಪದರ ಪದರವಾಗಿ ಒಟ್ಟಿ ಆಗಾಗ ತಿರುವಿಹಾಕುವ ಕ್ರಮವನ್ನು 1920ರ ದಶಕದಲ್ಲಿ ಇಂದೋರಿನಲ್ಲಿ ವಿಜ್ಞಾನಿಗಳಾದ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಪ್ರಯೋಗ ಮಾಡಿ ನೋಡಿದರು. 1931ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇವತ್ತಿಗೂ ಅದಕ್ಕೆ ಇಂದೋರ್ ವಿಧಾನ ಅನ್ನುತ್ತಾರೆ.

ಮೂಗು, ಅಂಗೈ, ಕಣ್ಣು

ರಾಶಿಯ ಹತ್ತಿರ ಹೋದ ತಕ್ಷಣ ಕೆದಕಬೇಡಿ. ಐದು ನಿಮಿಷ ಸುಮ್ನೆ ಕೂರಿ. ನೋಡುವುದಕ್ಕೂ ಒಂದು ಕ್ರಮ ಇದೆ. ನನ್ನದು ಮೊದಲು ಮೂಗು, ಆಮೇಲೆ ಅಂಗೈ, ಕೊನೆಗೆ ಕಣ್ಣು.

ಮೂಗು ಮೊದಲು ಯಾಕೆಂದರೆ ಅದು ಬೇಗ ಸೋಲುತ್ತದೆ. ಯಾವ ವಾಸನೆಯಾದರೂ ಸ್ವಲ್ಪ ಹೊತ್ತಿಗೆ ಒಗ್ಗಿಹೋಗಿ ಗೊತ್ತಾಗದೆ ಹೋಗುತ್ತದೆ. ಅದಕ್ಕೇ ಮೊದಲ ಉಸಿರಿನಲ್ಲೇ ಸುದ್ದಿ ಹಿಡಿಯಬೇಕು. ಕಣ್ಣು ಉರಿಸುವ ಅಮೋನಿಯಾ ವಾಸನೆ ಬಂದರೆ ಹಸಿ ಜಾಸ್ತಿಯಾಗಿದೆ, ತರಗೆಲೆ ಸೇರಿಸಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ, ಕವೆಗೋಲು ಹಾಕಿ ಸಡಿಲ ಮಾಡಿ. ಮಳೆ ಬಿದ್ದ ಮೊದಲ ದಿನದ ಮಣ್ಣಿನ ಘಮ ಬಂದರೆ ಏನೂ ಮಾಡಬೇಡಿ, ಇನ್ನೊಂದು ಉಸಿರು ಎಳೆದುಕೊಳ್ಳಿ.

ಆ ಘಮಕ್ಕೆ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು. ಆಕ್ಟಿನೊಮೈಸೀಟ್ಸ್ ಎಂಬ ಬ್ಯಾಕ್ಟೀರಿಯಾಗಳು ಅದನ್ನು ಮಾಡುತ್ತವೆ. ಲಕ್ಷ ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯುತ್ತದೆ. ರಾಶಿಯ ಮೇಲ್ಪದರ ಬಿಡಿಸಿದರೆ ಕೆಲವೊಮ್ಮೆ ಒಳಗೆ ಬೂದಿ ಚೆಲ್ಲಿದಂತೆ ಬೆಳ್ಳನೆಯ ಎಳೆಗಳು ಕಾಣುತ್ತವೆ. ಹೊಸಬರು ಬೂಷ್ಟು ಹಿಡಿದು ಹಾಳಾಯಿತು ಅಂತ ಹೆದರುತ್ತಾರೆ. ಹೆಚ್ಚಿನ ಸಲ ಅದು ಇದೇ ಗುಂಪಿನದು. 1943ರಲ್ಲಿ ಕ್ಷಯರೋಗದ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು ಈ ಗುಂಪಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ. ಆ ಬಿಳಿ ಎಳೆ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಎಷ್ಟು ಜನರ ಶ್ವಾಸಕೋಶ ಇದರ ಬಂಧುಗಳಿಂದ ಉಳಿದಿದೆಯೋ!

ಅಂಗೈಯದ್ದು ತೇವದ ಕೆಲಸ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಿಂದ ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ನೀರು ಜಾಸ್ತಿ. ಮುಷ್ಟಿ ಬಿಚ್ಚಿದಾಗ ಉದುರಿಹೋದರೆ ಕಡಿಮೆ. ಗ್ಲೌಸ್ ಹಾಕಿಕೊಂಡೇ ಮಾಡಿ. ಒಣಗಿ ಧೂಳೆದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೊನೆಗೆ ಸೋಪಿನಲ್ಲಿ ಕೈ ತೊಳೆಯಿರಿ. ಕೆಲವರ ಶ್ವಾಸಕೋಶಕ್ಕೆ ತೊಂದರೆ ಕೊಡುವ ಸೂಕ್ಷ್ಮಜೀವಿಗಳೂ ಅದರಲ್ಲಿ ಇರುತ್ತವೆ. ಚೆಂದ ಅಂತ ಸಲಿಗೆ ಬೇಡ.

ಇನ್ನು ಕಣ್ಣು. ಅದಕ್ಕೆ ಕಾಣುವುದು ಋತುವಿನ ಜೊತೆ ಬದಲಾಗುತ್ತದೆ.

ಎಲೆ ಉದುರುವಾಗ

ಎಲೆ ಹಳದಿಯಾಗುವುದು ಮರದ ಜಿಪುಣತನದಿಂದ. ಉದುರಿಸುವ ಮೊದಲು ಮರ ಆ ಎಲೆಯಲ್ಲಿರುವ ಸಾರಜನಕ, ರಂಜಕವನ್ನು ಆದಷ್ಟು ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಬಣ್ಣ ಒಡೆದುಹೋಗಿ, ಅಡಿಯಲ್ಲಿ ಮೊದಲೇ ಇದ್ದ ಹಳದಿ ಮೇಲೆ ಬರುತ್ತದೆ. ನಾವು ತರಗೆಲೆಯನ್ನು ಇಂಗಾಲದ ಮೂಲ ಅನ್ನುವುದು ಇದಕ್ಕೇ. ಬೆಲೆಬಾಳುವುದನ್ನು ಮರ ಒಳಗಿಟ್ಟುಕೊಂಡು, ಉಳಿದದ್ದನ್ನು ನಮಗೆ ಕೊಟ್ಟಿರುತ್ತದೆ. ಎಲೆಯ ಬಣ್ಣ ನೋಡಿದರೆ ಅದು ರಾಶಿಯಲ್ಲಿ ಏನು ಮಾಡುತ್ತದೆ ಅಂತ ಹೇಳಬಹುದು. ಹಸಿರಿದ್ದಾಗಲೇ ಗಾಳಿಗೆ ಬಿದ್ದ ಎಲೆ ಬೇಗ ಕರಗುತ್ತದೆ. ಕಂದಾಗಿ ಗರಿಗರಿಯಾದದ್ದು ನಿಧಾನ.

ಈ ಕಾಲದಲ್ಲಿ ಎರಡು ಕೆಲಸ ಮಾಡಿ. ಮೊದಲನೆಯದು, ಸಿಕ್ಕಷ್ಟು ಎಲೆ ಗುಡಿಸಿ ಚೀಲಗಳಲ್ಲಿ ತುಂಬಿ ನೆರಳಿನಲ್ಲಿ ಒಣಗಿಟ್ಟುಕೊಳ್ಳಿ. ಮಳೆಗಾಲದಲ್ಲಿ ಒಣ ಎಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ದಪ್ಪ ತೊಗಲಿನಂಥ ಎಲೆಗಳನ್ನು ಕತ್ತರಿಸಿ ಹಾಕಿ, ಇಡೀ ಹಾಕಿದರೆ ಒಂದಕ್ಕೊಂದು ಅಂಟಿ ಗಾಳಿ ಬಿಡುವುದಿಲ್ಲ.

ಎರಡನೆಯದು ನನ್ನ ಇಷ್ಟದ ಕೆಲಸ. ಅಗಲವಾದ ನಾಲ್ಕೈದು ಎಲೆಗಳನ್ನು ರಾಶಿಯ ಅಂಚಿನಲ್ಲಿ, ಒಂದು ಚಪ್ಪಟೆ ಕಲ್ಲಿನ ಅಡಿಯಲ್ಲಿ ಒದ್ದೆ ಮಾಡಿ ಇಡಿ. ಕೆಲವು ವಾರಗಳಿಗೊಮ್ಮೆ ಕಲ್ಲು ಎತ್ತಿ ನೋಡಿ. ಮೆತ್ತಗಿನ ಭಾಗ ಮೊದಲು ಹೋಗುತ್ತದೆ. ನರಗಳಲ್ಲಿ ಲಿಗ್ನಿನ್ ಎಂಬ, ಮರಕ್ಕೆ ಗಟ್ಟಿತನ ಕೊಡುವ ವಸ್ತು ಇರುವುದರಿಂದ ಅವು ಕೊನೆಯವರೆಗೂ ಹಟ ಹಿಡಿದು ಉಳಿಯುತ್ತವೆ. ಅದೃಷ್ಟ ಇದ್ದರೆ ಇಡೀ ಎಲೆಯ ಬಲೆ ಹಾಗೇ ಸಿಗುತ್ತದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ. ಅದನ್ನು ಬಿಳಿ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ನಕಲು ತೆಗೆಯಿರಿ. ಚಿತ್ರ ಬರುವುದಿಲ್ಲ ಅನ್ನಬೇಡಿ. ದೊಡ್ಡ ನರ, ಅದರಿಂದ ಕವಲು, ಕವಲಿನಿಂದ ಮತ್ತೊಂದು ಕವಲು, ಅಷ್ಟೇ. ಕೈ ನಡೆದ ದಾರಿಯಲ್ಲೇ ಎಲೆಯೊಳಗೆ ನೀರೂ ನಡೆದಿತ್ತು ಅಂತ ಅರ್ಧ ಚಿತ್ರ ಆಗುವಷ್ಟರಲ್ಲಿ ಗೊತ್ತಾಗುತ್ತದೆ.

ಚಳಿಯಲ್ಲಿ

ಬೆಳಿಗ್ಗೆ ಬೇಗ ಏಳಿ. ಬಿಸಿಲು ಬರುವ ಮೊದಲು ರಾಶಿಯ ಮೇಲ್ಭಾಗವನ್ನು ಒಂದು ಕವೆಯಷ್ಟು ಎತ್ತಿದರೆ ಹಬೆ ಬರುತ್ತದೆ. ಆ ಬಿಸಿಗೆ ಸೂರ್ಯನ ಸಹಾಯ ಇಲ್ಲ, ಪೂರ್ತಿ ಬ್ಯಾಕ್ಟೀರಿಯಾಗಳ ಉಸಿರಾಟದ್ದು. ಹಿಮ ಬೀಳುವ ಕಡೆಗಳಲ್ಲಿ ಸುತ್ತಲೂ ಬೆಳ್ಳಗಿದ್ದರೂ ಕೆಲಸ ನಡೆಯುತ್ತಿರುವ ರಾಶಿಯ ನೆತ್ತಿ ಕರಗಿ ಕಪ್ಪಗೆ ಕಾಣುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಉದ್ದ ಕಬ್ಬಿಣದ ಸಲಾಕೆ ಸಾಕು. ರಾಶಿಯ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು ತುದಿ ಮುಟ್ಟಿ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಒಳ್ಳೆಯ ಸುದ್ದಿ. ಚೆನ್ನಾಗಿ ಕಟ್ಟಿದ ರಾಶಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಕೆಲವು ದಿನ 55 ದಾಟಿ ನಿಂತರೆ ಬಹಳಷ್ಟು ಕಳೆ ಬೀಜ, ರೋಗಾಣುಗಳು ಸಾಯುತ್ತವೆ. ಆದರೆ ಅಂಚಿನಲ್ಲಿರುವುದಕ್ಕೆ ಈ ಬಿಸಿ ತಾಗುವುದಿಲ್ಲ, ತಿರುವಿಹಾಕುವಾಗ ಹೊರಗಿನದು ಒಳಗೆ ಹೋಗಬೇಕು. 70ರ ಹತ್ತಿರ ಬಂದರೆ ನಮಗೆ ಬೇಕಾದವೂ ಸಾಯತೊಡಗುತ್ತವೆ, ತಡಮಾಡದೆ ತಿರುವಿಹಾಕಿ.

ತಿರುವುವಾಗ ರಾಶಿಯ ಒಂದು ಪಕ್ಕವನ್ನು ನೇರವಾಗಿ ಕೊಯ್ದು ಒಂದು ಕ್ಷಣ ನಿಲ್ಲಿ. ಮೇಲೆ ಇನ್ನೂ ಗುರುತು ಸಿಗುವ ಎಲೆ, ಅದರ ಕೆಳಗೆ ಟೀ ಬಣ್ಣ, ಅದರ ಕೆಳಗೆ ತುಕ್ಕಿನ ಬಣ್ಣ, ತಳದಲ್ಲಿ ಕಪ್ಪು. ನಾನು ಮಕ್ಕಳಿಗೆ ಕಂದು ಬಣ್ಣ ಕಲಿಸುವಾಗ ಬರ್ಂಟ್ ಅಂಬರ್, ರಾ ಸಿಯೆನ್ನಾ ಅಂತ ಟ್ಯೂಬ್ ತೋರಿಸುತ್ತಿದ್ದೆ. ಆ ಹೆಸರುಗಳೂ ಮಣ್ಣಿನಿಂದ ತೆಗೆದ ಬಣ್ಣಗಳವೇ. ಈಗಾದರೆ ಮಕ್ಕಳನ್ನು ಸೀದಾ ಇಲ್ಲಿಗೆ ಕರೆತರುತ್ತಿದ್ದೆ.

ಬೇಸಿಗೆ

ಬೇಸಿಗೆಯ ರಾಶಿ ನನಗೆ ಅಷ್ಟೊಂದು ಇಷ್ಟವಿಲ್ಲ. ಒಣಗುತ್ತದೆ, ಇರುವೆ ಬರುತ್ತದೆ. ಇರುವೆ ಬಂದರೆ ನೀರು ಬೇಕು ಅಂತ ಅರ್ಥ ಮಾಡಿಕೊಳ್ಳಿ. ನೀರು ಮೇಲಿಂದ ಸುರಿದರೆ ಪಕ್ಕದಲ್ಲಿ ಹರಿದುಹೋಗುತ್ತದೆ. ಸಲಾಕೆಯಿಂದ ತೂತು ಮಾಡಿ ನಿಧಾನಕ್ಕೆ ಇಳಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ. ತರಕಾರಿ ತೊಳೆದ ನೀರೇ ಸಾಕು.

ಈ ಕಾಲದಲ್ಲಿ ಹಸಿ ಸಿಪ್ಪೆಯ ನಡುವೆ ಬೂದುಗಂದು ಬಣ್ಣದ ಚಪ್ಪಟೆ ಮರಿಹುಳಗಳು ಗಿಜಿಗಿಜಿ ಅನ್ನಬಹುದು. ನೋಡಲು ಹೇಸಿಗೆ ಅನ್ನಿಸುತ್ತದೆ, ಒಪ್ಪುತ್ತೇನೆ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳಾಗಿದ್ದರೆ ಕೊಲ್ಲಬೇಡಿ. ಅವು ಬೆಳೆದು ನೊಣವಾದ ಮೇಲೂ ಅವಕ್ಕೆ ಮನೆನೊಣದ ಹಾಗೆ ನಮ್ಮ ತಟ್ಟೆಯ ಮೇಲೆ ಕೂರುವ ಚಟ ಇಲ್ಲ. ಮರಿಗಳು ಮಾತ್ರ ಸಿಪ್ಪೆಯನ್ನು ನೋಡನೋಡುತ್ತಾ ಮುಗಿಸುತ್ತವೆ. ಕಿವಿ ಹತ್ತಿರ ಹಿಡಿದರೆ ಅವು ತಿನ್ನುವ ಚಿರಚಿರ ಸದ್ದು ಕೇಳುತ್ತದೆ. ಈ ಕಾಲದ ಚೆಂದ ಕಣ್ಣಿಗಿಂತ ಕಿವಿಗೆ ಜಾಸ್ತಿ.

ಮಳೆಯಲ್ಲಿ

ಇದು ಹಬ್ಬದ ಕಾಲ, ತೊಂದರೆಯ ಕಾಲವೂ ಹೌದು. ಮೊದಲು ತೊಂದರೆ. ನೀರು ತುಂಬಿದರೆ ಗಾಳಿ ಹೋಗುತ್ತದೆ, ಗಾಳಿ ಹೋದರೆ ನಾತ. ಮೇಲೆ ತಗಡು ಅಥವಾ ಟಾರ್ಪಾಲ್ ಇಳಿಜಾರಾಗಿ ಕಟ್ಟಿ, ಪಕ್ಕಗಳು ತೆರೆದಿರಲಿ. ಚೀಲದಲ್ಲಿ ಕೂಡಿಟ್ಟ ತರಗೆಲೆ ಈಗ ಹೊರಗೆ ಬರಲಿ. ಬೆಚ್ಚಗಿನ ರಾಶಿಯನ್ನು ಹಾವುಗಳೂ ಇಷ್ಟಪಡುತ್ತವೆ, ಕೆಲವು ಜಾತಿಯವು ಅದರಲ್ಲೇ ಮೊಟ್ಟೆ ಇಡುತ್ತವೆ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ಸದ್ದು ಮಾಡಿ, ಅವಕ್ಕೆ ಹೋಗಲು ಹೊತ್ತು ಕೊಡಿ.

ಈಗ ಹಬ್ಬ. ರಾತ್ರಿ ಮಳೆ ಬಿದ್ದರೆ ಬೆಳಿಗ್ಗೆ ಅಣಬೆ. ಅದರಲ್ಲಿ ಒಂದನ್ನು ತಪ್ಪದೆ ಹುಡುಕಿ, ಇಂಕ್ ಕ್ಯಾಪ್ ಅಂತ ಹೆಸರು. ಬೂದು ಬಣ್ಣದ ಸಣ್ಣ ಗಂಟೆ, ಮೈಮೇಲೆ ಗೆರೆ. ಬೆಳಿಗ್ಗೆ ನೆಟ್ಟಗೆ ನಿಂತಿರುತ್ತದೆ. ಹೊತ್ತು ಏರಿದಂತೆ ಅಂಚಿನಿಂದ ತನ್ನನ್ನು ತಾನೇ ಕರಗಿಸಿಕೊಳ್ಳುತ್ತಾ ಕಪ್ಪು ನೀರಾಗಿ ತೊಟ್ಟಿಕ್ಕುತ್ತದೆ. ಆ ಕಪ್ಪಿನ ತುಂಬ ಅದರ ಬೀಜಕಣಗಳು ಇರುತ್ತವೆ. ಹಿಂದೆ ಅದರಿಂದ ಶಾಯಿ ಮಾಡಿ ಬರೆಯುತ್ತಿದ್ದರು. ನಾನು ಆ ಹನಿಯನ್ನು ಬಟ್ಟಲಿಗೆ ಹಿಡಿದು ಬ್ರಷ್ ಅದ್ದಿ, ಅದೇ ಅಣಬೆಯ ಚಿತ್ರ ಬಿಡಿಸಿದ್ದೇನೆ. ಒಣಗಿದ ಮೇಲೆ ಬೆಚ್ಚನೆಯ ಕಂದುಗಪ್ಪು ಬಣ್ಣ. ನೀವೂ ಮಾಡಿ ನೋಡಿ. ತಿನ್ನುವ ಯೋಚನೆ ಮಾತ್ರ ಬೇಡ, ಯಾವ ಕಾಡು ಅಣಬೆಯೂ ಬೇಡ.

ಇನ್ನೊಂದು ದಿನ ರಾಶಿಯ ಮೇಲೆ ಯಾರೋ ಹಳದಿ ಬಣ್ಣ ಚೆಲ್ಲಿದ ಹಾಗೆ ಕಾಣಬಹುದು. ಮರುದಿನ ಅದು ಒಂದು ಗೇಣು ಸರಿದಿದ್ದರೆ ಕಣ್ಣು ಉಜ್ಜಿಕೊಳ್ಳಬೇಡಿ. ಅದು ಸ್ಲೈಮ್ ಮೋಲ್ಡ್. ಅಣಬೆಯೂ ಅಲ್ಲ, ಪ್ರಾಣಿಯೂ ಅಲ್ಲ. ಅಷ್ಟಗಲದ ಮೈ ಪೂರ್ತಿ ಒಂದೇ ಕೋಶ, ಒಳಗೆ ಲೆಕ್ಕವಿಲ್ಲದಷ್ಟು ಕೋಶಕೇಂದ್ರಗಳು. ಬ್ಯಾಕ್ಟೀರಿಯಾ ತಿನ್ನುತ್ತಾ ಹರಿದಾಡುತ್ತದೆ. ಇಂಥದ್ದೇ ಒಂದು ಜಾತಿಯನ್ನು ಜಪಾನಿನ ವಿಜ್ಞಾನಿಗಳು ಸಣ್ಣ ಚಕ್ರವ್ಯೂಹದಲ್ಲಿ ಬಿಟ್ಟಾಗ, ಮಿದುಳೇ ಇಲ್ಲದ ಅದು ಎರಡು ಆಹಾರಗಳ ನಡುವಿನ ಅತಿ ಹತ್ತಿರದ ದಾರಿ ಹಿಡಿಯಿತು. ಅದು 2000ದಲ್ಲಿ ಪ್ರಕಟವಾದ ಸಂಗತಿ. ಗಿಡಕ್ಕೆ ತೊಂದರೆ ಮಾಡುವುದಿಲ್ಲ. ಸ್ವಲ್ಪ ದಿನಕ್ಕೆ ಒಣಗಿ ಪುಡಿಯಾಗುತ್ತದೆ. ಪಕ್ಕದ ಮನೆಯ ಮಕ್ಕಳನ್ನು ಕರೆದು ತೋರಿಸಿ, ದೊಡ್ಡವರಿಗಿಂತ ಅವರಿಗೆ ಬೇಗ ಅರ್ಥವಾಗುತ್ತದೆ.

ಬಿಸಿ ಇಳಿದ ಮೇಲೆ ಕೆಂಪು ಹುಳಗಳು, ರೈಲುಹುಳಗಳು, ಬಸವನಹುಳುಗಳು ಬರುತ್ತವೆ. ಹುಳ ಬಂತೆಂದರೆ ಬಿಸಿಯ ಘಟ್ಟ ಮುಗಿಯಿತು ಅಂತ ಲೆಕ್ಕ. ಅಷ್ಟರಲ್ಲಿ ಎಲ್ಲೋ ಒಂದು ಕುಂಬಳದ ಸಸಿ ತಲೆ ಎತ್ತಿರುತ್ತದೆ, ಟೊಮೆಟೊ ಅಂತೂ ಇದ್ದೇ ಇರುತ್ತದೆ. ರಾಶಿ ಪೂರ್ತಿ ಬಿಸಿಯಾಗಿರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಹಾಗಂತ ಕೀಳಲು ನನಗೆ ಮನಸ್ಸಾಗುವುದಿಲ್ಲ, ಒಂದನ್ನು ಬಿಡುತ್ತೇನೆ. ತಾನಾಗಿ ಹುಟ್ಟಿದ ಕುಂಬಳ, ಸೋರೆ ಜಾತಿಯ ಕಾಯಿ ಕಹಿ ಇದ್ದರೆ ಮಾತ್ರ ಒಂದು ತುಣುಕನ್ನೂ ನುಂಗಬೇಡಿ. ಆ ಕಹಿ ವಿಷ.

ಕೃತಜ್ಞತೆಯ ಪುಸ್ತಕ

ರಾಶಿಯ ಮುಂದೆ ಕೈಮುಗಿದು ನಿಲ್ಲಿ ಅಂತ ಹೇಳುವವಳು ನಾನಲ್ಲ. ನನಗೆ ಕೃತಜ್ಞತೆ ಅಂದರೆ ಯಾರಿಂದ ಏನು ಬಂತು ಅನ್ನುವುದರ ಸರಿಯಾದ ಲೆಕ್ಕ. ಅದಕ್ಕೆ ಒಂದು ಹಳೆಯ ನೋಟ್ ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ ರಾಶಿಗೆ ಹೋದದ್ದು, ಬಲಪುಟದಲ್ಲಿ ರಾಶಿಯಲ್ಲಿ ಕಂಡದ್ದು. ದಿನವೂ ಬರೆಯುವುದಿಲ್ಲ, ಬಕೆಟ್ ಸುರಿಯುವಾಗ ಕಣ್ಣಿಗೆ ಬಿದ್ದ ಒಂದು ಸಂಗತಿ ಮಾತ್ರ. ಬಲಪುಟದಲ್ಲಿ ಚಿತ್ರಗಳೇ ಜಾಸ್ತಿ.

ಎಡಪುಟ ಕೆಲವೊಮ್ಮೆ ಮುಜುಗರ ತರುತ್ತದೆ. ಮುಟ್ಟದೇ ಬೂಷ್ಟು ಹಿಡಿದ ಬ್ರೆಡ್, ಫ್ರಿಜ್‌ನ ಹಿಂದೆ ಸರಿದು ಬಾಡಿದ ಸೊಪ್ಪು. ಗೊಬ್ಬರ ಆಗುತ್ತದಲ್ಲ ಅಂತ ಸಮಾಧಾನ ಹೇಳಿಕೊಳ್ಳುವುದು ಸುಲಭ. ಆದರೆ ಬೆಳೆದವರು ಅದನ್ನು ಬೆಳೆದದ್ದು ತಿನ್ನಲಿಕ್ಕೆ. ಸಿಪ್ಪೆ ಹೋದರೆ ಸರಿ, ಊಟ ಹೋದರೆ ತಪ್ಪು. ಆ ಪುಟ ತುಂಬುತ್ತಾ ಹೋದಂತೆ ಮನೆಗೆ ತರುವ ತರಕಾರಿಯ ಅಳತೆ ಸರಿಹೋಯಿತು. ಈಗ ರಾಶಿಗೆ ಹೋಗುವುದರಲ್ಲಿ ಆರಿಸಿ ಬಿಟ್ಟದ್ದೇ ಹೆಚ್ಚು, ಬಿಟ್ಟು ಕೆಡಿಸಿದ್ದು ಕಡಿಮೆ.

ತೆಗೆಯುವಾಗ

ತಿರುವುತ್ತಾ ನೋಡಿಕೊಂಡ ರಾಶಿ ಮೂರರಿಂದ ಆರು ತಿಂಗಳಲ್ಲಿ ಆಗಬಹುದು. ಸುಮ್ಮನೆ ಬಿಟ್ಟದ್ದಕ್ಕೆ ವರ್ಷ ಬೇಕು. ಬರೀ ಎಲೆಯ ರಾಶಿಗೆ ಎರಡು ವರ್ಷವೂ ಹಿಡಿಯುತ್ತದೆ. ರಾಶಿ ಅರ್ಧಕ್ಕೂ ಕಡಿಮೆಗೆ ಕುಸಿದಿರುತ್ತದೆ. ಎಲ್ಲಿ ಹೋಯಿತು ಅಂತ ಗಾಬರಿ ಬೇಡ. ಇಂಗಾಲದ ದೊಡ್ಡ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಿದೆ, ಸುತ್ತಲಿನ ಎಲೆಗಳು ಎಳೆದುಕೊಳ್ಳುವುದೂ ಅದೇ ಗಾಳಿಯಿಂದ.

ಆಗಿದೆಯೋ ಇಲ್ಲವೋ ತಿಳಿಯಲು ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಇದ್ದರೆ ಆಗಿದೆ. ಹುಳಿ ವಾಸನೆ ಬಂದರೆ ಇನ್ನೊಂದು ತಿಂಗಳು ಬಿಡಿ. ಅವಸರದಲ್ಲಿ ಹಸಿ ಗೊಬ್ಬರ ಹಾಕಿದರೆ ಎಳೆಯ ಬೇರುಗಳು ಒದ್ದಾಡುತ್ತವೆ. ಆಮೇಲೆ ಜರಡಿ ಹಿಡಿಯಿರಿ.

ಜರಡಿ ಹಿಡಿದ ಮೊದಲ ಬುಟ್ಟಿಯನ್ನು ನಾನು ತರಕಾರಿ ಮಡಿಗೆ ಹಾಕುವುದಿಲ್ಲ. ಯಾವ ಮರದ ಕೆಳಗೆ ಅತಿ ಹೆಚ್ಚು ಎಲೆ ಗುಡಿಸಿದ್ದೆನೋ ಅದಕ್ಕೆ ಮೊದಲು. ಎಲೆ ಬಿದ್ದು ಅಲ್ಲೇ ಕೊಳೆತಿದ್ದರೆ ಅದರ ಸಾರ ಆ ಮರದ್ದೇ ಆಗುತ್ತಿತ್ತು, ನಡುವೆ ಗುಡಿಸಿಕೊಂಡು ಬಂದದ್ದು ನಾನು. ಬುಡಕ್ಕೆ ತಾಗಿಸಿ ಗುಡ್ಡೆ ಮಾಡಬೇಡಿ, ತೊಗಟೆ ಕೊಳೆಯುತ್ತದೆ. ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೆ ಎರಡು ಬೆರಳು ದಪ್ಪ ಹರಡಿ. ನೀರು ಹೀರುವ ಬೇರುಗಳು ಬುಡಕ್ಕಿಂತ ಅಲ್ಲೇ ಜಾಸ್ತಿ.

ಉಳಿದದ್ದು ಮಡಿಗಳಿಗೆ, ಕುಂಡಗಳಿಗೆ. ಕುಂಡಕ್ಕೆ ಬರೀ ಗೊಬ್ಬರ ತುಂಬಬೇಡಿ, ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಜರಡಿಯ ಮೇಲೆ ಉಳಿಯುವ ಕಡ್ಡಿ, ಮೊಟ್ಟೆಚಿಪ್ಪು, ಅರ್ಧ ಕೊಳೆತ ತೊಟ್ಟುಗಳನ್ನು ಎಸೆಯಬೇಡಿ. ಹಳೆಯ ರಾಶಿಯ ಬ್ಯಾಕ್ಟೀರಿಯಾ, ಬೂಷ್ಟು ಎಲ್ಲ ಅವುಗಳ ಮೈಮೇಲೆ ಇರುತ್ತವೆ. ಹೊಸ ರಾಶಿಯ ತಳಕ್ಕೆ ಅವನ್ನೇ ಹರಡಿ, ಮೇಲೆ ಒಂದು ಚೀಲ ತರಗೆಲೆ ಸುರಿದು, ಅವತ್ತಿನ ಸಿಪ್ಪೆಯ ಬಕೆಟ್ ತನ್ನಿ.